ಏಷ್ಯಾದಲ್ಲೇ ಎರಡನೆಯದು

ಮಧುಗಿರಿಯ ಬಗ್ಗೆ ಅಂತರಜಾಲದಲ್ಲಿ ಏನನ್ನೇ ಹುಡುಕಿದರೂ ಒಂದು ವಾಕ್ಯ ತಪ್ಪದೆ ಎದುರಾಗುತ್ತದೆ: ಇದು ಏಷ್ಯಾದ ಎರಡನೆಯ ಅತಿ ದೊಡ್ಡ ಏಕಶಿಲಾ ಬೆಟ್ಟ. ಪ್ರವಾಸದ ಬರಹಗಳಲ್ಲಿ, ಚಾರಣದ ಜಾಹೀರಾತುಗಳಲ್ಲಿ, ಅರ್ಧ ನಿಮಿಷದ ರೀಲ್‌ಗಳಲ್ಲಿ ಅದೇ ವಾಕ್ಯ, ಹೆಚ್ಚುಕಡಿಮೆ ಅದೇ ಪದಗಳಲ್ಲಿ. ಆದರೆ ಅಳತೆಯ ಮಾತು ಎಲ್ಲೂ ಬರುವುದಿಲ್ಲ. ಎರಡನೆಯದು ಎಂದರೆ ಎತ್ತರದಲ್ಲೋ, ಸುತ್ತಳತೆಯಲ್ಲೋ, ಒಟ್ಟು ಗಾತ್ರದಲ್ಲೋ? ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಮೇಲಿದೆ, ನಿಜ. ಆದರೆ ಮಧುಗಿರಿ ಪಟ್ಟಣವೇ ಎರಡೂವರೆ ಸಾವಿರ ಅಡಿಗಿಂತ ಎತ್ತರದಲ್ಲಿದೆ. ಆ ಅಂಕಿಯ ದೊಡ್ಡ ಪಾಲು ಬಂಡೆಯ ಸ್ವಂತ ಸಂಪಾದನೆಯಲ್ಲ, ಅದು ನಿಂತ ನೆಲದ ಕೊಡುಗೆ.

ಸರಿ, ಎರಡನೆಯದು ಇದಾದರೆ ಮೊದಲನೆಯದು ಯಾವುದು? ಮಾಗಡಿಯ ಬಳಿಯ ಸಾವನದುರ್ಗದ ಹೆಸರು ಹೇಳುತ್ತಾರೆ. ಇಲ್ಲಿ ಕಥೆಗೆ ಒಂದು ತಮಾಷೆಯ ತಿರುವಿದೆ. ಕರ್ನಾಟಕದ ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಒಂದು ಗ್ರಾನೈಟ್ ಪಟ್ಟಿ ಹಾಯ್ದಿದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಅದು. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಸಾವನದುರ್ಗ ಎದ್ದು ನಿಂತಿರುವುದು ಇದೇ ಪಟ್ಟಿಯಲ್ಲಿ, ಮಧುಗಿರಿಯೂ ಇದೇ ಪಟ್ಟಿಯಲ್ಲಿ. ಮೇಲಿನ ಮಣ್ಣು, ರಾಗಿ ಹೊಲ, ರಸ್ತೆ, ಊರುಗಳನ್ನು ಮನಸ್ಸಿನಲ್ಲೇ ಸರಿಸಿ ನೋಡಿದರೆ ಇವೆರಡೂ ಒಂದೇ ಶಿಲಾಕುಟುಂಬದ ಎರಡು ತಲೆಗಳು. ಒಂದೇ ಕೈಯ ಎರಡು ಬೆರಳುಗಳಲ್ಲಿ ಒಂದಕ್ಕೆ ಮೊದಲ ಬಹುಮಾನ, ಇನ್ನೊಂದಕ್ಕೆ ಎರಡನೆಯ ಬಹುಮಾನ ಕೊಟ್ಟ ಹಾಗೆ ನಾವು ಅವುಗಳಿಗೆ ಸ್ಥಾನ ಹಂಚಿದ್ದೇವೆ.

ವಾಕ್ಯ ತಪ್ಪೋ ಸರಿಯೋ ಎಂದು ತೀರ್ಪು ಕೊಡುವುದರಲ್ಲಿ ನನಗೆ ಹೆಚ್ಚಿನ ಆಸಕ್ತಿಯಿಲ್ಲ. ನನ್ನನ್ನು ಕಾಡುವುದು ಬೇರೆಯದು. ಒಂದು ವಸ್ತುವನ್ನು ಅದರ ಸ್ಥಾನದ ಮೂಲಕ ಮೆಚ್ಚುವಾಗ ನಾವು ನಿಜಕ್ಕೂ ಏನನ್ನು ಮೆಚ್ಚುತ್ತಿದ್ದೇವೆ? ಹಾಗೆ ಮೆಚ್ಚುವುದರಿಂದ ಯಾರಿಗಾದರೂ ನಷ್ಟವಿದೆಯೆ?

ಸ್ಥಾನಗಳ ಈ ಹುಚ್ಚು ಅಂತರಜಾಲದ ಸೃಷ್ಟಿಯಲ್ಲ. 1951ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್‌ನಲ್ಲಿ ಬೇಟೆಗೆ ಹೋಗಿದ್ದ ಹ್ಯೂ ಬೀವರ್ ಎಂಬಾತನ ಗುಂಪಿನಲ್ಲಿ ಒಂದು ವಾದ ಎದ್ದಿತು: ಬೇಟೆಯ ಹಕ್ಕಿಗಳಲ್ಲಿ ಯೂರೋಪಿನ ಅತಿ ವೇಗದ ಹಕ್ಕಿ ಯಾವುದು? ಯಾವ ಪುಸ್ತಕದಲ್ಲೂ ಉತ್ತರ ಸಿಗಲಿಲ್ಲ. ಬೀವರ್ ಗಿನ್ನೆಸ್ ಎಂಬ ಬಿಯರ್ ಕಂಪನಿಯ ಮುಖ್ಯಸ್ಥ. ಪಬ್ಬುಗಳಲ್ಲಿ ಕೂತು ಇಂಥದೇ ವಾದ ಹೂಡುವವರು ಎಷ್ಟು ಜನ ಇರಬಹುದೆಂದು ಅವನಿಗೆ ಹೊಳೆಯಿತು. 1955ರಲ್ಲಿ ದಾಖಲೆಗಳ ಪುಸ್ತಕ ಬಂತು. ಜಗಳ ಮುಗಿಸಲೆಂದೇ ಹುಟ್ಟಿದ ಪುಸ್ತಕ ಅದು ಎನ್ನುವುದನ್ನು ನೆನಪಿಡಬೇಕು. 'ಅತಿ ದೊಡ್ಡದು' ಎಂಬ ಉತ್ತರದ ಗುಣವೇ ಅದು: ಮಾತನ್ನು ಮುಗಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮೌಂಟ್ ಅಗಸ್ಟಸ್ ಎಂಬ ಬೆಟ್ಟವಿದೆ. ಜಗತ್ತಿನ ಅತಿ ದೊಡ್ಡ ಏಕಶಿಲೆ ಎಂದು ಅದರ ಖ್ಯಾತಿ, ಉಲುರುವಿಗಿಂತಲೂ ದೊಡ್ಡದಂತೆ. ಅದು ಬಾಗಿದ ಪದರಗಳಿಂದ ಆದದ್ದು, ಏಕಶಿಲೆಯೇ ಅಲ್ಲ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆದರೆ ಬಿರುದು ಹಾಗೇ ಓಡಾಡಿಕೊಂಡಿದೆ. ಪದರಗಳು ಹೇಗೆ ಬಾಗಿದವು ಎಂಬ ಕಥೆಗೆ ಕೇಳುಗರು ಕಡಿಮೆ.

ಅಂತರಜಾಲ ಈ ಹಳೆಯ ಚಟಕ್ಕೆ ಚಕ್ರ ಜೋಡಿಸಿತು. ನಮ್ಮ ಬೆರಳು ಪರದೆಯ ಮೇಲೆ ಒಂದು ಕ್ಷಣ ನಿಲ್ಲಬೇಕಾದರೆ ಅಲ್ಲೊಂದು ಕೊಕ್ಕೆ ಬೇಕು. 'ಏಷ್ಯಾದಲ್ಲೇ', 'ಜಗತ್ತಿನಲ್ಲೇ' ಎಂಬ ಪದಗಳಿಗಿಂತ ಅಗ್ಗದ ಕೊಕ್ಕೆ ಇಲ್ಲ. ಅದನ್ನು ಹೇಳಲು ಬೆಟ್ಟ ಹತ್ತಬೇಕಿಲ್ಲ, ಕೇಳಲು ಬೆಟ್ಟ ನೋಡಬೇಕಿಲ್ಲ. ಮಧುಗಿರಿಯ ಬಂಡೆಯ ಮೇಲೆ ಕೋಟೆ ಕಟ್ಟಿದವರು ಅಲ್ಲಿ ಬಿದ್ದ ಮಳೆನೀರನ್ನು ದೊಣೆಗಳಲ್ಲಿ ಹಿಡಿದಿಟ್ಟರು, ಕಡಿದಾದ ಕಡೆ ಕಾಲಿಡಲು ಬಂಡೆಯಲ್ಲೇ ಕಚ್ಚು ಕೊರೆದರು. ಬರದ ಸೀಮೆಯ ಬೋಳು ಕಲ್ಲಿನ ಮೇಲೆ ಜನ ಬದುಕಿದ್ದು ಹೇಗೆ ಎನ್ನುವುದು ಎಷ್ಟು ದೊಡ್ಡ ಸಂಗತಿ! ಅದಕ್ಕೆ ಸ್ಥಾನ ಕೊಡುವ ಪಟ್ಟಿ ಇಲ್ಲ. ಹಾಗಾಗಿ ಅದು ವಾಕ್ಯದೊಳಗೆ ಬರಲಿಲ್ಲ.

ಪಕ್ಕದ ಶಿರಾಕ್ಕೆ ಬೇರೆ ಬಗೆಯ ಕೀರ್ತಿ ಸಿಕ್ಕಿದೆ. 1687ರಲ್ಲಿ ಮೊಘಲರು ಈ ಸೀಮೆಯನ್ನು ಗೆದ್ದ ಮೇಲೆ ಶಿರಾ ಒಂದು ಸುಬಾದ ರಾಜಧಾನಿಯಾಯಿತು. ನವಾಬ ದಿಲಾವರ್ ಖಾನ್ ಅಲ್ಲಿ ಕಟ್ಟಿಸಿದ ಅರಮನೆ ಎಷ್ಟು ಸೊಗಸಾಗಿತ್ತೆಂದರೆ, ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಅದೇ ಮಾದರಿಯಾಯಿತು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅಲ್ಲಿನ ಖಾನ್ ಬಾಗ್ ಎಂಬ ತೋಟ ಲಾಲ್‌ಬಾಗ್‌ಗೆ ಪ್ರೇರಣೆ ಎಂಬ ಮಾತೂ ಇದೆ. ಅರಮನೆ ಈಗಿಲ್ಲ. ಹೀಗಾಗಿ ಶಿರಾದ ಹೆಸರು ಬಂದಾಗಲೆಲ್ಲ ಬೇರೆ ಊರಿನ ನೆಪದಲ್ಲಿ ಬರುತ್ತದೆ: ಲಾಲ್‌ಬಾಗ್‌ನ ಮೂಲ, ಟಿಪ್ಪುವಿನ ಅರಮನೆಯ ಮಾದರಿ. ಆದರೆ 1651ರಲ್ಲಿ ತೀರಿಕೊಂಡ ಬಿಜಾಪುರದ ಸುಬೇದಾರ ಮಲಿಕ್ ರಿಹಾನನ ಗೋರಿ ಇಂದಿಗೂ ಅಲ್ಲೇ ನಿಂತಿದೆ. 1696ರ ಜುಮ್ಮಾ ಮಸೀದಿಯೂ ಇದೆ. ಇಲ್ಲದ ಅರಮನೆ ಬೇರೆಯದಕ್ಕೆ ಮಾದರಿಯಾಗಿದ್ದಕ್ಕೆ ಹೆಸರು ಪಡೆಯಿತು. ಇರುವ ಗೋರಿ ಯಾವುದಕ್ಕೂ ಮೊದಲಲ್ಲದ್ದರಿಂದ ಸುಮ್ಮನಿದೆ.

ಇಲ್ಲಿಯವರೆಗಿನದು ಕಲ್ಲು, ಗಾರೆಗಳ ವಿಷಯ. ಅವಕ್ಕೆ ನೋವಾಗುವುದಿಲ್ಲ, ಬಿಡಿ. ಪಾವಗಡಕ್ಕೆ ಬಂದಾಗ ಪ್ರಶ್ನೆ ಗಂಭೀರವಾಗುತ್ತದೆ.

ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಹರಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2019ರ ಕೊನೆಗೆ 2,050 ಮೆಗಾವಾಟ್‌ನ ಪೂರ್ಣ ಸಾಮರ್ಥ್ಯ. ಆಗ ಅದು ಜಗತ್ತಿನಲ್ಲೇ ದೊಡ್ಡದು. ಆಕಾಶದಿಂದ ತೆಗೆದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಕೆಂಪು ನೆಲದ ನಡುವೆ ಕಡುನೀಲಿ ಚೌಕಗಳು, ನೀರೇ ಇಲ್ಲದ ತಾಲ್ಲೂಕಿನಲ್ಲಿ ಕೆರೆಗಳ ಸಾಲು ತುಂಬಿ ನಿಂತ ಹಾಗೆ. ಚಿತ್ರ ಸುಂದರವಾಗಿತ್ತು, ಸುಳ್ಳೆನ್ನಲು ಸಾಧ್ಯವಿಲ್ಲ. 2020ರ ಹೊತ್ತಿಗೆ ರಾಜಸ್ಥಾನದ ಭಡ್ಲಾ 2,245 ಮೆಗಾವಾಟ್ ಮುಟ್ಟಿ ಪಟ್ಟ ಕಸಿದುಕೊಂಡಿತು. ಈಗ ಗುಜರಾತಿನ ಖಾವ್ಡಾದ ಗುರಿ 30,000 ಮೆಗಾವಾಟ್.

ಪಟ್ಟ ಹೋದ ದಿನ ಪಾವಗಡದಲ್ಲಿ ಏನು ಬದಲಾಯಿತು? ಒಂದು ಫಲಕವೂ ಕಡಿಮೆಯಾಗಲಿಲ್ಲ, ಒಂದು ಯೂನಿಟ್ಟೂ ಕುಗ್ಗಲಿಲ್ಲ. ಬಿರುದು ಆ ನೆಲದ ಗುಣವಾಗಿರಲೇ ಇಲ್ಲ, ಬೇರೆಯವರ ಜೊತೆಗಿನ ಲೆಕ್ಕಾಚಾರವಾಗಿತ್ತು. ಆ ನೆಲದ ನಿಜವಾದ ಗುಣ ನೋಡಬೇಕಾದರೆ ಒಪ್ಪಂದದ ಕಾಗದ ತೆಗೆಯಬೇಕು. ಅಲ್ಲಿ ಸರ್ಕಾರ ರೈತರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಕೆ. ಜಮೀನಿನ ಒಡೆತನ ರೈತನ ಹೆಸರಿನಲ್ಲೇ ಉಳಿಯಿತು. ದೊಡ್ಡ ಯೋಜನೆ ಎಂದರೆ ಜಮೀನು ಕಳೆದುಕೊಳ್ಳುವುದು ಎಂದೇ ಅರ್ಥವಾಗಿರುವ ನಮ್ಮ ದೇಶದಲ್ಲಿ ಇದು ಬಿರುದಿಗಿಂತ ನೂರು ಪಾಲು ಕುತೂಹಲದ ವಿನ್ಯಾಸ. ಮಳೆ ಕೈಕೊಟ್ಟ ಕಡಲೆಕಾಯಿ ಹೊಲಕ್ಕಿಂತ ಈ ಬಾಡಿಗೆ ಎಷ್ಟೋ ವಾಸಿ ಎಂದುಕೊಂಡವರ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ.

ಅದೇ ಲೆಕ್ಕವನ್ನು ಸ್ವಲ್ಪ ಮುಂದಕ್ಕೆ ಒಯ್ಯೋಣ. ಹತ್ತು ಎಕರೆ ಕೊಟ್ಟವರಿಗೆ ವರ್ಷಕ್ಕೆ 2,10,000 ರೂಪಾಯಿ. ಒಂದು ಎಕರೆ ಕೊಟ್ಟವರಿಗೆ 21,000. ಜಮೀನೇ ಇಲ್ಲದವರಿಗೆ ಸೊನ್ನೆ. ಆ ಸೊನ್ನೆಯ ಮನೆಗಳೂ ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕಿದ್ದವು; ಕುರಿ ಕಾಯುವವರಿಗೆ ಅದೇ ಬಯಲಿನ ಮೇವು ಆಧಾರವಾಗಿತ್ತು. ಬಾಡಿಗೆ ಬರುವುದು ನೆಲಕ್ಕೆ, ದುಡಿಮೆಗಲ್ಲ. ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸಗಳು ಹುಟ್ಟಿದವು, ಆದರೆ 13,000 ಎಕರೆಯ ಬೇಸಾಯ ಕೇಳುತ್ತಿದ್ದ ಕೈಗಳನ್ನು ಅವು ಕೇಳುವುದಿಲ್ಲ. 'ಜಗತ್ತಿನಲ್ಲೇ ದೊಡ್ಡದು' ಎಂಬ ಮಾತಿನಲ್ಲಿ ಈ ಸೊನ್ನೆಗೆ ಜಾಗವಿರಲಿಲ್ಲ. ನಷ್ಟ ಯಾರಿಗೆ ಎಂಬ ಪ್ರಶ್ನೆಗೆ ನನಗೆ ತೋಚುವ ಉತ್ತರ ಇದು: ಬಿರುದು ಸುಳ್ಳು ಹೇಳದೆಯೇ ನಮ್ಮ ಕುತೂಹಲವನ್ನು ಬೇಗ ತಣಿಸಿಬಿಡುತ್ತದೆ. ತಣಿದ ಕುತೂಹಲ ಮುಂದಿನ ಪ್ರಶ್ನೆ ಕೇಳುವುದಿಲ್ಲ. ಆ ಮುಂದಿನ ಪ್ರಶ್ನೆಯಲ್ಲೇ ಒಬ್ಬರ ಕೂಲಿ ಅಡಗಿರಬಹುದು.

ಇದಕ್ಕೆ ಎದುರು ವಾದವೂ ಗಟ್ಟಿಯಾದದ್ದೇ. ಬರ ಬಂದಾಗ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಸಿಕ್ಕಾಗ ಮಾತ್ರ ಪತ್ರಿಕೆಯಲ್ಲಿ ಕಾಣುತ್ತಿದ್ದ ತಾಲ್ಲೂಕಿಗೆ ಹೆಮ್ಮೆ ಪಡಲು ಒಂದು ಮಾತು ಸಿಕ್ಕರೆ ತಪ್ಪೇನು? ಮಧುಗಿರಿಯ ಹುಡುಗನೊಬ್ಬ ಬೆಂಗಳೂರಿನ ಹಾಸ್ಟೆಲಿನಲ್ಲಿ ತನ್ನ ಊರಿನ ಹೆಸರು ಹೇಳಿ, ಎದುರಿಗಿರುವವನ ಖಾಲಿ ಮುಖ ನೋಡಿ, 'ಏಷ್ಯಾದಲ್ಲೇ ಎರಡನೇ ದೊಡ್ಡ ಬೆಟ್ಟ ಇರೋ ಊರು' ಎಂದು ಸೇರಿಸಿದರೆ ಅವನನ್ನು ನಗಲಾದೀತೆ? ಆಗುವುದಿಲ್ಲ. ದೂರದವರಿಗೆ ನಮ್ಮೂರನ್ನು ತೋರಿಸಲು ಅಂಥದೊಂದು ಮಾತು ಬೇಕಾಗುತ್ತದೆ. ತೊಂದರೆ ಇರುವುದು, ಆ ಮಾತೇ ಊರು ಎಂದು ನಾವೂ ನಂಬತೊಡಗಿದಾಗ.

ಜೊತೆಗೆ ಎಲ್ಲ ಸ್ಥಾನಪಟ್ಟಿಗಳೂ ಒಂದೇ ಬಗೆಯವಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ತಾಲ್ಲೂಕುಗಳನ್ನು ಅಳೆದು ವರದಿ ಕೊಟ್ಟಿತು. 114 ತಾಲ್ಲೂಕುಗಳು ಹಿಂದುಳಿದವು ಎಂದಿತು. ಅವುಗಳಲ್ಲೂ ಮೂರು ದರ್ಜೆ. ಮಧುಗಿರಿ, ಶಿರಾ, ಪಾವಗಡ ಅತ್ಯಂತ ಹಿಂದುಳಿದ ದರ್ಜೆಯಲ್ಲಿ, ಕೊರಟಗೆರೆ ಅದರ ಮುಂದಿನದರಲ್ಲಿ. ಅದೂ ಸ್ಥಾನವೇ. ಆದರೆ ಅಲ್ಲಿ ಅಳತೆಗೋಲು ಏನೆಂದು ಹೇಳಲಾಗಿತ್ತು, ಅಳೆದವರು ಯಾರೆಂದು ಗೊತ್ತಿತ್ತು, ಅಳೆದ ಮೇಲೆ ಏನು ಮಾಡಬೇಕೆಂಬ ಮಾತೂ ಇತ್ತು. ಆ ಪಟ್ಟಿ ಓದುಗನ ಮೇಲೆ ಒಂದು ಹೊಣೆ ಹೊರಿಸುತ್ತದೆ. ಬಹುಶಃ ಅದಕ್ಕೇ ಯಾರೂ ಅದರ ರೀಲ್ ಮಾಡುವುದಿಲ್ಲ. ಹೆಮ್ಮೆಯ ಸ್ಥಾನ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಅಗತ್ಯದ ಸ್ಥಾನ ಕೇಳುತ್ತದೆ.

ಇನ್ನೊಂದು 'ಎರಡನೆಯದು' ಶಿರಾ ತಾಲ್ಲೂಕಿನಲ್ಲೇ ಇದೆ. ಕಗ್ಗಲಡು ಎಂಬ ಹಳ್ಳಿಯ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೊಕ್ಕರೆ ಬೆಳ್ಳೂರಿನ ನಂತರ ದಕ್ಷಿಣ ಏಷ್ಯಾದಲ್ಲೇ ಎರಡನೆಯ ದೊಡ್ಡ ತಾಣ ಎಂಬ ವಾಕ್ಯ ಇದಕ್ಕೂ ಅಂಟಿಕೊಂಡಿದೆ. ಆದರೆ ಕಗ್ಗಲಡಿನ ಜನ ಆ ಹಕ್ಕಿಗಳನ್ನು ಉಳಿಸಿಕೊಂಡದ್ದು ಸ್ಥಾನ ನೋಡಿ ಅಲ್ಲ. ಗೂಡಿರುವ ಮರ ಹತ್ತದೆ, ಅದರ ಹುಣಸೆಹಣ್ಣಿನ ಆಸೆ ಬಿಟ್ಟು, ಕಲ್ಲೆಸೆಯುವವರನ್ನು ಗದರಿಸಿ ಉಳಿಸಿಕೊಂಡರು. ಹುಣಸೆ ಬಯಲುಸೀಮೆಯ ಮನೆಗೆ ಕೈಗಾಸು ತರುವ ಫಸಲು. ಅವರ ಮೆಚ್ಚುಗೆಗೆ ಒಂದು ಬೆಲೆ ಇದೆ, ಅದನ್ನು ಅವರು ತೆತ್ತಿದ್ದಾರೆ. ಕ್ಯಾಮೆರಾ ಹಿಡಿದು ಬರುವ ನಾವೂ ಮೆಚ್ಚುತ್ತೇವೆ, ಸುಳ್ಳಲ್ಲ. ಸಂಜೆ ಬಸ್ಸು ಹತ್ತುತ್ತೇವೆ. ನಾಳೆ ಯಾರಾದರೂ ಎಣಿಸಿ ನೋಡಿ 'ಇದು ಎರಡನೆಯದಲ್ಲ, ಒಂಬತ್ತನೆಯದು' ಎಂದರೆ ನಮ್ಮ ಉತ್ಸಾಹ ಸ್ವಲ್ಪ ಇಳಿಯಬಹುದು. ಆ ಮರದ ಯಜಮಾನನಿಗೆ ಏನೂ ವ್ಯತ್ಯಾಸವಾಗುವುದಿಲ್ಲ. ಅವನು ಕಾಯುತ್ತಿರುವುದು ತನ್ನ ಮರಕ್ಕೆ ಬಂದ ಹಕ್ಕಿಯನ್ನು.

ಇದರಿಂದ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಬಹುದು ಅನ್ನಿಸುತ್ತದೆ. ಒಂದು ಊರಿನ ಬಗ್ಗೆ, ಒಂದು ಕಲಾಕೃತಿಯ ಬಗ್ಗೆ, ಹೊಸ ಯಂತ್ರದ ಬಗ್ಗೆ ನಾಲ್ಕು ಜನಕ್ಕೆ ಹಂಚುವ ಮುನ್ನ ವಾಕ್ಯದಿಂದ 'ಅತಿ', 'ಏಕೈಕ', 'ಮೊದಲ', 'ಎರಡನೆಯ' ಎಂಬ ಪದಗಳನ್ನು ಅಳಿಸಿ ನೋಡುವುದು. ಹೇಳಲು ಇನ್ನೂ ಏನಾದರೂ ಉಳಿದಿದ್ದರೆ ನಾವು ಆ ವಸ್ತುವನ್ನು ನೋಡಿದ್ದೇವೆ. ಏನೂ ಉಳಿಯದಿದ್ದರೆ ನೋಡಿದ್ದು ಪಟ್ಟಿಯನ್ನು ಮಾತ್ರ.

ಕೊರಟಗೆರೆ ತಾಲ್ಲೂಕಿನಲ್ಲಿ ಚನ್ನರಾಯನದುರ್ಗ ಇದೆ. ಬೆಟ್ಟದ ಮೇಲೆ ಕೋಟೆ, ಹಾಳುಬಿದ್ದ ಗೋಡೆಗಳು, ಕೆಳಗೆ ಹೊಲಗಳು. ಅದಕ್ಕೆ ಏಷ್ಯಾದಲ್ಲಿ ಯಾರೂ ಸ್ಥಾನ ಕೊಟ್ಟ ಹಾಗಿಲ್ಲ. ಹೋದವರು ವಾಪಸು ಬಂದು ಏನಾದರೂ ಹೇಳಬೇಕೆಂದರೆ ತಾವೇ ಮಾತು ಹುಡುಕಿಕೊಳ್ಳಬೇಕು.