ಪರದೆ ಖಾಲಿಯಿದ್ದರೆ ಆಕಾಶವೂ ಖಾಲಿಯೇ?

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲೇ ಜಟಾಯು ರಾವಣನೊಡನೆ ಕಾದಾಡಿ ಬಿದ್ದನೆಂದು ಸುತ್ತಲಿನವರು ನಂಬುತ್ತಾರೆ. ಸೀತೆಯನ್ನು ಹೊತ್ತೊಯ್ದವನು ಯಾರೆಂದು ರಾಮನಿಗೆ ತಿಳಿಸಿದವನು ಅವನೇ. ಕಣ್ಣಾರೆ ಕಂಡವನು, ಸುಳ್ಳಿನಿಂದ ಏನೂ ಗಳಿಸಬೇಕಿಲ್ಲದವನು. ನ್ಯಾಯದರ್ಶನ ಇಂಥವನನ್ನು ಆಪ್ತನೆಂದು ಕರೆದು, ಅವನ ಮಾತನ್ನು ಶಬ್ದಪ್ರಮಾಣವೆಂದು, ಅಂದರೆ ತಿಳಿವಿನ ಒಂದು ಆಧಾರವೆಂದು, ಒಪ್ಪುತ್ತದೆ. ಅದೇ ಬೆಟ್ಟದಲ್ಲೂ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನಗಳಿವೆ. ಸತ್ಯ ನುಡಿಯಬೇಕೆಂಬುದು ಅವುಗಳ ಬೋಧನೆಗಳಲ್ಲೊಂದು.

ಜಟಾಯು ಹೇಳಿದ್ದು ಬೇರೊಬ್ಬರ ಸುದ್ದಿ; ಇಂದಿನ ವಿಮಾನಗಳು ತಮ್ಮ ಸುದ್ದಿಯನ್ನು ತಾವೇ ಸಾರುತ್ತವೆ. ಎಡಿಎಸ್-ಬಿ ವ್ಯವಸ್ಥೆಯಲ್ಲಿ ವಿಮಾನವು ಉಪಗ್ರಹಗಳ ನೆರವಿನಿಂದ ತಾನಿರುವ ಜಾಗವನ್ನು ಕಂಡುಕೊಂಡು, 1090 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡು ಸಲ ಬಿತ್ತರಿಸುತ್ತದೆ. ಇದಕ್ಕೆ ಗೂಢಲಿಪಿಯಿಲ್ಲ. ಕೇಳಲು ಬೇಕಾದ ಸಾಮಾನೂ ಕಡಿಮೆ: ಟಿವಿ ನೋಡಲೆಂದು ತಯಾರಾದ, ಆರ್‌ಟಿಎಲ್2832ಯು ಚಿಪ್ಪಿನ ಯುಎಸ್‌ಬಿ ಡಾಂಗಲ್, ರಾಸ್ಪ್‌ಬೆರಿ ಪೈ, ಮೆಮೊರಿ ಕಾರ್ಡ್, ಸಂಕೇತ ಬಿಡಿಸಿ ವಿಮಾನಗಳನ್ನು ಪರದೆಯ ಮೇಲೆ ತೋರಿಸುವ ಡಂಪ್1090 ತಂತ್ರಾಂಶ. ಆಂಟೆನಾವನ್ನು ಕೈಯಲ್ಲೇ ಕಟ್ಟಬಹುದು. ಈ ಅಲೆಯ ಉದ್ದ 27.5 ಸೆಂ.ಮೀ.; ಅದರ ಕಾಲುಭಾಗ, ಸುಮಾರು 6.9 ಸೆಂ.ಮೀ. ತಾಮ್ರದ ತಂತಿಯನ್ನು ಕನೆಕ್ಟರಿನ ನಡುವಿನ ಪಿನ್ನಿಗೆ ನೆಟ್ಟಗೆ ಬೆಸುಗೆ ಹಾಕಿ, ಸುತ್ತ ಇನ್ನೂ ನಾಲ್ಕು ತಂತಿಗಳನ್ನು ಬೆಸೆದು ಓರೆಯಾಗಿ ಕೆಳಕ್ಕೆ ಬಗ್ಗಿಸಬೇಕು. ಸೋಲ್ಡರಿಂಗ್ ಐರನ್, ಕಟಿಂಗ್ ಪ್ಲೇಯರ್, ಎಲ್ಲಾದರೂ ಶಾರ್ಟ್ ಆಗಿದೆಯೇ ಎಂದು ನೋಡಲು ಮಲ್ಟಿಮೀಟರ್ ಇದ್ದರಾಯಿತು. ಕೇಬಲ್ ಉದ್ದವಾದಷ್ಟೂ ಸಂಕೇತ ಸೊರಗುತ್ತದೆ. ಡಾಂಗಲನ್ನು ಆಂಟೆನಾದ ಬುಡದಲ್ಲೇ ಇಡುವುದು ಜಾಣತನ.

ಪ್ರತಿ ಸಂದೇಶದಲ್ಲಿ 112 ಬಿಟ್‌ಗಳು. ಕೊನೆಯ 24 ತಪ್ಪು ಹಿಡಿಯಲು ಮೀಸಲು. ದಾರಿಯಲ್ಲಿ ಮಾತು ಕೆಟ್ಟಿದ್ದರೆ ಗೊತ್ತಾಗುತ್ತದೆ. ಆದರೆ ಹೇಳಿದವನೇ ಸುಳ್ಳು ಹೇಳಿದ್ದರೆ? ಅದನ್ನು ಹಿಡಿಯುವ ಬಿಟ್ ಇಲ್ಲ. ಯಾರೋ ಜಿಪಿಎಸ್ ಸಂಕೇತವನ್ನೇ ಕೆಡಿಸಿದರೆ ವಿಮಾನ ಪ್ರಾಮಾಣಿಕವಾಗಿಯೇ ತಪ್ಪು ಜಾಗ ಸಾರುತ್ತದೆ. ಆಪ್ತನಿಗೆ ಸತ್ಯ ಹೇಳುವ ಮನಸ್ಸಿದ್ದರೆ ಸಾಲದು, ವಿಷಯ ಸರಿಯಾಗಿ ತಿಳಿದೂ ಇರಬೇಕು ಎಂಬ ನೈಯಾಯಿಕರ ಮಾತಿನ ತೂಕ ಇಲ್ಲಿ ಅರಿವಾಗುತ್ತದೆ.

ಮೌನದ ಪ್ರಶ್ನೆ ಇದಕ್ಕಿಂತ ಕಠಿಣ. ಚಳ್ಳಕೆರೆಯ ಅಮೃತಮಹಲ್ ಕಾವಲು ಪ್ರದೇಶದಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. 2016ರ ನವೆಂಬರ್‌ನಲ್ಲಿ ಮಾನವರಹಿತ ವಿಮಾನ ರುಸ್ತುಂ-2 ಮೊದಲ ಬಾರಿ ಹಾರಿದ್ದು ಅಲ್ಲಿಂದ. 2023ರ ಏಪ್ರಿಲ್ 2ರಂದು ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟ ಇಸ್ರೋದ ಮರುಬಳಕೆ ವಾಹನ ತಾನಾಗಿ ಇಳಿದದ್ದೂ ಅಲ್ಲೇ. ಸೇನೆಯ ವಿಮಾನಗಳು ಪ್ರಸಾರ ನಿಲ್ಲಿಸಿ ಹಾರಬಲ್ಲವು. ಹೀಗಿರುವಾಗ ಪರದೆಯ ಮೇಲೆ ಏನೂ ಇಲ್ಲವೆಂದು ಆಕಾಶದಲ್ಲೂ ಏನೂ ಇಲ್ಲವೆನ್ನಬಹುದೇ?

ಕುಮಾರಿಲ ಭಟ್ಟನ ಮೀಮಾಂಸೆ, ಇಲ್ಲದಿರುವುದನ್ನು ತಿಳಿಯಲು ಅನುಪಲಬ್ಧಿ ಎಂಬ ಬೇರೆ ಪ್ರಮಾಣವನ್ನೇ ಒಪ್ಪಿತು. ಅದಕ್ಕೊಂದು ಷರತ್ತು: ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು. ಹಗಲಲ್ಲಿ ಕೊಡ ಕಾಣದಿದ್ದರೆ ಅದು ಅಲ್ಲಿಲ್ಲ. ಕತ್ತಲಲ್ಲಿ ಕಾಣದಿದ್ದರೆ ಏನೂ ಹೇಳುವಂತಿಲ್ಲ. ಡಾಂಗಲ್ಲಿನ ಪಾಲಿಗೆ ಮೌನವಾಗಿ ಹಾರುವ ವಿಮಾನ ಕತ್ತಲೊಳಗಿನ ಕೊಡ. 2019ರ ಸೆಪ್ಟೆಂಬರ್ 17ರಂದು ಜೋಡಿ ಚಿಕ್ಕೇನಹಳ್ಳಿಯ ಬಳಿ ರುಸ್ತುಂ-2 ಪತನವಾದಾಗ ಊರವರು ನಂಬಿದ್ದು ತಮ್ಮ ಕಣ್ಣನ್ನು.

ಒಂದೇ ಸಾಕ್ಷಿಯನ್ನು ನೆಚ್ಚದಿರಲು ದಾರಿಯಿದೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ರಾಯದುರ್ಗಗಳಲ್ಲಿ ರಿಸೀವರ್ ಇಟ್ಟು ಗಡಿಯಾರ ಹೊಂದಿಸಿದರೆ, ಒಂದೇ ಸಂಕೇತ ನಾಲ್ಕೂ ಕಡೆ ಮುಟ್ಟಿದ ಸಮಯದ ಅಂತರದಿಂದ ವಿಮಾನದ ಜಾಗವನ್ನು ಲೆಕ್ಕ ಹಾಕಬಹುದು. ಮೈಕ್ರೋಸೆಕೆಂಡಿಗೆ 300 ಮೀಟರ್ ಲೆಕ್ಕ. ಇದು ಅನುಮಾನಪ್ರಮಾಣ, ಅಂದರೆ ಗುರುತಿನಿಂದ ತರ್ಕಿಸಿ ತಿಳಿಯುವುದು; ವಿಮಾನ ಹೇಳಿದ್ದರೊಡನೆ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ. ಆದರೆ ಟ್ರಾನ್ಸ್‌ಪಾಂಡರ್ ಎಂಬ ಪ್ರಸಾರ ಸಾಧನವನ್ನೇ ಪೂರ್ತಿ ಆರಿಸಿದ ವಿಮಾನವನ್ನು ನಲವತ್ತು ರಿಸೀವರ್‌ಗಳೂ ಹಿಡಿಯಲಾರವು. ಆದ್ದರಿಂದ ಇಂಥ ರಿಸೀವರ್ ಕಟ್ಟಿದವರು ತಮ್ಮ ನಕಾಶೆಯಲ್ಲಿ ‘ಪ್ರಸಾರ ಮಾಡುವ ವಿಮಾನಗಳು ಮಾತ್ರ’ ಎಂದು ಬರೆದು, ಯಾವ ದಿಕ್ಕಿಗೆ ಬೆಟ್ಟ ಅಡ್ಡವಿದೆಯೆಂದೂ ಗುರುತು ಹಾಕಬೇಕು.