ಊರು ಕೊಟ್ಟದ್ದನ್ನು ರಾಜ್ಯ ಕಿತ್ತುಕೊಂಡಾಗ

2016ರ ಫೆಬ್ರವರಿ 22ರಂದು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಷಾರ್ಲೆಟ್ ನಗರಸಭೆ 7-4 ಮತಗಳಿಂದ ತನ್ನ ಕಾನೂನಿಗೆ ಒಂದು ತಿದ್ದುಪಡಿ ಮಾಡಿತು. ಹೋಟೆಲು, ಅಂಗಡಿ, ಟ್ಯಾಕ್ಸಿಗಳಲ್ಲಿ ಜನಾಂಗ, ಧರ್ಮ ನೋಡಿ ಯಾರನ್ನೂ ಹೊರಗಿಡಬಾರದು ಎಂದಿದ್ದ ನಿಯಮಕ್ಕೆ ಲೈಂಗಿಕ ಒಲವು ಮತ್ತು ಲಿಂಗತ್ವವನ್ನೂ ಸೇರಿಸಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ತಮ್ಮ ಲಿಂಗತ್ವಕ್ಕೆ ತಕ್ಕ ಶೌಚಾಲಯ ಬಳಸುವುದಕ್ಕೂ ಇದರಿಂದ ದಾರಿಯಾಗುತ್ತಿತ್ತು. ಏಪ್ರಿಲ್ 1ರಿಂದ ಜಾರಿಯಾಗಬೇಕಿದ್ದ ಆ ತಿದ್ದುಪಡಿ ಜಾರಿಯಾಗಲೇ ಇಲ್ಲ. ಮಾರ್ಚ್ 23ರಂದು ರಾಜ್ಯ ಶಾಸನಸಭೆ ವಿಶೇಷ ಅಧಿವೇಶನ ಸೇರಿ, ಹೌಸ್ ಬಿಲ್ 2 ಎಂಬ ಮಸೂದೆಯನ್ನು ಮಂಡಿಸಿ, ಎರಡೂ ಸದನಗಳಲ್ಲಿ ಅಂಗೀಕರಿಸಿತು. ಗವರ್ನರ್ ಪ್ಯಾಟ್ ಮೆಕ್ರೋರಿ (ಅಲ್ಲಿ ಗವರ್ನರ್ ಎಂದರೆ ಜನರೇ ಆರಿಸಿದ ಆಡಳಿತದ ಮುಖ್ಯಸ್ಥ) ಅದೇ ರಾತ್ರಿ ಸಹಿ ಹಾಕಿದರು. ಆ ಕಾನೂನಿನ ಪ್ರಕಾರ ಸರ್ಕಾರಿ ಕಟ್ಟಡ ಮತ್ತು ಶಾಲೆಗಳಲ್ಲಿ ಜನನ ಪ್ರಮಾಣಪತ್ರದಲ್ಲಿರುವ ಲಿಂಗದ ಪ್ರಕಾರವೇ ಶೌಚಾಲಯ ಬಳಸಬೇಕು. ಉದ್ಯೋಗದಲ್ಲಾಗಲಿ ಅಂಗಡಿ-ಹೋಟೆಲುಗಳಲ್ಲಾಗಲಿ ರಾಜ್ಯದ ಪಟ್ಟಿಯಲ್ಲಿ ಇಲ್ಲದವರಿಗೆ ನಗರಗಳು ರಕ್ಷಣೆ ಕೊಡುವಂತಿಲ್ಲ. ಇದರ ಜೊತೆಗೇ, ನಗರಗಳು ಖಾಸಗಿ ಸಂಸ್ಥೆಗಳಿಗೆ ಕನಿಷ್ಠ ವೇತನ ಗೊತ್ತುಮಾಡುವಂತಿಲ್ಲ ಎಂಬ ಮಾತೂ ಅದರಲ್ಲಿತ್ತು.

ಶಾಸನಸಭೆಗೆ ಹೀಗೆ ಮಾಡುವ ಅಧಿಕಾರ ಇದೆಯೇ ಎಂದರೆ, ಕಾನೂನಿನ ಪ್ರಕಾರ ಬಹುಮಟ್ಟಿಗೆ ಇದೆ. ಅಮೆರಿಕದ ಸಂವಿಧಾನದಲ್ಲಿ ನಗರಗಳ ಪ್ರಸ್ತಾಪವೇ ಇಲ್ಲ. ನಗರಗಳು ಹುಟ್ಟುವುದೂ ಉಳಿಯುವುದೂ ಶಾಸನಸಭೆಯಿಂದ, ಹುಟ್ಟಿಸಿದ್ದೇ ಅವನ್ನು ಅಳಿಸಲೂ ಬಲ್ಲದು ಎಂದು 1868ರಲ್ಲಿ ಅಯೋವಾದ ನ್ಯಾಯಾಧೀಶ ಜಾನ್ ಡಿಲ್ಲನ್ ತೀರ್ಪಿತ್ತರು. 1907ರ ಪಿಟ್ಸ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ ಹೆಚ್ಚುಕಡಿಮೆ ಇದನ್ನೇ ಎತ್ತಿಹಿಡಿಯಿತು. ಸ್ಥಳೀಯ ಸ್ವಯಮಾಡಳಿತ ಯಾರೋ ದಯಪಾಲಿಸಿದ್ದಲ್ಲ, ಜನರ ಹಕ್ಕು ಎಂದು ಮಿಷಿಗನ್‌ನ ನ್ಯಾಯಾಧೀಶ ಥಾಮಸ್ ಕೂಲಿ 1871ರಲ್ಲೇ ಹೇಳಿದ್ದರೂ ಆ ವಾದ ಗೆಲ್ಲಲಿಲ್ಲ. ಆದರೆ ಅಧಿಕಾರ ಇದೆಯೇ ಎಂಬುದು ಒಂದು ಪ್ರಶ್ನೆ, ಅದನ್ನು ಹೀಗೆ ಬಳಸಿದ್ದು ನ್ಯಾಯವೇ ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆಗೆ ಕೋರ್ಟುಗಳ ಬಳಿ ಉತ್ತರವಿಲ್ಲ. ಅದಕ್ಕೆ ರಾಜಕೀಯ ತತ್ತ್ವಶಾಸ್ತ್ರದ ಕಡೆ ತಿರುಗಬೇಕು.

ಅಲ್ಲಿ ಎರಡು ವಿಚಾರಧಾರೆಗಳಿವೆ, ಮೇಲುನೋಟಕ್ಕೆ ಒಂದಕ್ಕೊಂದು ಎದುರು. ಮೊದಲನೆಯದಕ್ಕೆ ಸಬ್ಸಿಡಿಯಾರಿಟಿ ಎಂದು ಹೆಸರು: ಜನರಿಗೆ ಹತ್ತಿರವಿರುವ ಆಡಳಿತ ಒಂದು ಕೆಲಸವನ್ನು ಮಾಡಬಲ್ಲದಾದರೆ ಅದಕ್ಕೇ ಬಿಡಬೇಕು, ಅದರ ಕೈಲಾಗದಿದ್ದಾಗ ಮಾತ್ರ, ನೆರವಾಗುವುದಕ್ಕಾಗಿ ಮೇಲಿನ ಆಡಳಿತ ಬರಬೇಕು. 1931ರಲ್ಲಿ ಪೋಪ್ ಹನ್ನೊಂದನೇ ಪಯಸ್ ಹೊರಡಿಸಿದ ಪತ್ರದಲ್ಲಿ ಈ ತತ್ತ್ವ ಸ್ಪಷ್ಟ ರೂಪ ಪಡೆಯಿತು, 1992ರ ಮಾಸ್ಟ್ರಿಕ್ಟ್ ಒಪ್ಪಂದದ ಮೂಲಕ ಯುರೋಪಿಯನ್ ಒಕ್ಕೂಟದ ನಿಯಮವೂ ಆಯಿತು. ಎರಡನೆಯದು ಅಮೆರಿಕದ ಸಂವಿಧಾನ ರೂಪಿಸಿದವರಲ್ಲೊಬ್ಬನಾದ ಜೇಮ್ಸ್ ಮ್ಯಾಡಿಸನ್ 1787ರಲ್ಲಿ ಮಂಡಿಸಿದ ವಾದ. ಚಿಕ್ಕ ಸಮಾಜದಲ್ಲಿ ಬಹುಸಂಖ್ಯಾತರು ಒಟ್ಟುಗೂಡಿ ಉಳಿದವರನ್ನು ತುಳಿಯುವುದು ಸುಲಭ. ದೊಡ್ಡ ಗಣರಾಜ್ಯದಲ್ಲಿ ಹಲವು ಹಿತಾಸಕ್ತಿಗಳು ಒಂದನ್ನೊಂದು ತಡೆಯುವುದರಿಂದ ಅದು ಕಷ್ಟ. ಅಮೆರಿಕದ ದಕ್ಷಿಣ ರಾಜ್ಯಗಳ ಕರಿಯರ ಅನುಭವ ಈ ಮಾತಿಗೆ ಸಾಕ್ಷಿ. ಬಸ್ಸಿನಲ್ಲಿ, ಹೋಟೆಲಿನಲ್ಲಿ ಅವರನ್ನು ಬೇರೆ ಕೂರಿಸಿದ್ದು ಅವರದೇ ಊರು, ಅವರದೇ ರಾಜ್ಯದ ಕಾನೂನು. ಹೋಟೆಲುಗಳ ಬಾಗಿಲು ತೆರೆಸಿದ್ದು 1964ರ ಕೇಂದ್ರ ಶಾಸನ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅವು ಒಂದೇ ಕಡೆ ಕೈತೋರಿಸುತ್ತವೆ. ಕೆಳಗಿನವರು ಮಾಡಲಾರದ್ದನ್ನು ಮಾಡಲು, ಕೆಳಗಿನ ಬಹುಮತದಿಂದ ದುರ್ಬಲರನ್ನು ಕಾಪಾಡಲು ಮೇಲಿನ ಅಧಿಕಾರ ಬೇಕು. ಹಾಗಾದರೆ ಮೇಲಿನ ಕಾನೂನಿಗೆ ಕೇಳಬೇಕಾದ ಪ್ರಶ್ನೆ ಇದು: ನೀನು ಹೇಳುತ್ತಿರುವುದು ‘ರಕ್ಷಣೆ ಇಷ್ಟಕ್ಕಿಂತ ಕಡಿಮೆಯಾಗಕೂಡದು’ ಎಂದೋ, ‘ಇಷ್ಟಕ್ಕಿಂತ ಹೆಚ್ಚು ಕೊಡಕೂಡದು’ ಎಂದೋ? 1964ರ ಶಾಸನ ಮೊದಲ ಬಗೆಯದು, ಹೌಸ್ ಬಿಲ್ 2 ಎರಡನೆಯದು. ಷಾರ್ಲೆಟ್ ಮಾಡಲಾರದ ಯಾವ ಕೆಲಸವನ್ನೂ ರಾಜ್ಯ ತಾನು ಮಾಡಲಿಲ್ಲ. ಷಾರ್ಲೆಟ್ ಮಾಡಬಲ್ಲದ್ದನ್ನು ಯಾರೂ ಮಾಡದಂತೆ ಮಾಡಿತು. ಆ ರಕ್ಷಣೆ ಬೇರೆಲ್ಲಿಂದಲೋ ಸಿಗುತ್ತಿತ್ತು ಎನ್ನುವಂತೆಯೂ ಇರಲಿಲ್ಲ. ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ, ಅದೂ ಉದ್ಯೋಗದ ಮಟ್ಟಿಗೆ. ಹೋಟೆಲು, ಚಿತ್ರಮಂದಿರಗಳಿಗೆ ಅನ್ವಯಿಸುವ 1964ರ ಶಾಸನದ ಭಾಗದಲ್ಲಿ ಲಿಂಗ ಎಂಬ ಮಾತೇ ಇಲ್ಲ.

ಇಂಥ ಕಾನೂನು ಹೊಸದಲ್ಲ. ಆಸ್ಪೆನ್, ಬೋಲ್ಡರ್, ಡೆನ್ವರ್ ನಗರಗಳು ಸಲಿಂಗಿಗಳಿಗೆ ಕೊಟ್ಟಿದ್ದ ರಕ್ಷಣೆಯನ್ನು ಕೊಲೊರಾಡೊ ರಾಜ್ಯ 1992ರಲ್ಲಿ ಜನಮತದ ಮೂಲಕ ತನ್ನ ಸಂವಿಧಾನಕ್ಕೇ ತಿದ್ದುಪಡಿ ತಂದು ರದ್ದುಮಾಡಿತ್ತು. ಒಂದು ಗುಂಪನ್ನೇ ಗುರಿಮಾಡಿದ ಆ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 1996ರಲ್ಲಿ 6-3ರಿಂದ ತಳ್ಳಿಹಾಕಿತು. ಆಮೇಲೆ ಬಂದ ಕಾನೂನುಗಳ ಭಾಷೆಯೇ ಬದಲಾಯಿತು. ಅರ್ಕನ್ಸಾದ 2015ರ ಕಾನೂನನ್ನು ಓದಿದರೆ ಅದರಲ್ಲಿ ಯಾವ ಸಮುದಾಯದ ಹೆಸರೂ ಇಲ್ಲ. ರಾಜ್ಯದ ಕಾನೂನಿನಲ್ಲಿ ಇಲ್ಲದ ಆಧಾರದ ಮೇಲೆ ಯಾವ ಊರೂ ತಾರತಮ್ಯ ನಿಷೇಧಿಸಬಾರದು ಎಂದಷ್ಟೇ ಇದೆ, ಶೀರ್ಷಿಕೆಯಲ್ಲಿ ವಾಣಿಜ್ಯದ ಸುಧಾರಣೆ ಎಂದಿದೆ. ಫಯೆಟ್‌ವಿಲ್ ನಗರದ ರಕ್ಷಣೆ ಅದರಿಂದಲೇ 2017ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು.

ವ್ಯಾಪಾರಕ್ಕೆ ಏಕರೂಪತೆ ಬೇಕು, ಊರಿಗೊಂದು ನಿಯಮ ಇದ್ದರೆ ತೊಂದರೆ ಎಂಬುದು ಈ ಕಾನೂನುಗಳ ಬೆಂಬಲಿಗರ ವಾದ. ಏಕರೂಪತೆಯೇ ಬೇಕಿದ್ದರೆ ಷಾರ್ಲೆಟ್‌ನ ನಿಯಮವನ್ನು ಇಡೀ ರಾಜ್ಯಕ್ಕೆ ವಿಸ್ತರಿಸಬಹುದಿತ್ತು. ಇನ್ನು ಹೌಸ್ ಬಿಲ್ 2 ಅನ್ನು ವಿರೋಧಿಸಿ ಪೇಪಾಲ್ ಕಂಪನಿ 400 ಉದ್ಯೋಗಗಳ ಯೋಜನೆ ಕೈಬಿಟ್ಟದ್ದು, ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ 2017ರ ಆಲ್-ಸ್ಟಾರ್ ಪಂದ್ಯವನ್ನು ಷಾರ್ಲೆಟ್‌ನಿಂದ ಬೇರೆಡೆಗೆ ಒಯ್ದದ್ದು ನಿಜ. ಆದರೆ ನಷ್ಟವಾಯಿತೆಂದು ಕಾನೂನು ತಪ್ಪಾಗುವುದಿಲ್ಲ. ಲಾಭ ತಂದಿದ್ದರೂ ಅದು ತಪ್ಪೇ.

ಶೌಚಾಲಯಗಳ ವಿಷಯದಲ್ಲಿ ಹೆಂಗಸರ ಖಾಸಗಿತನ, ಸುರಕ್ಷತೆಯ ಆತಂಕವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಹಲ್ಲೆ, ಇಣುಕಿ ನೋಡುವುದು ಅಪರಾಧವಾಗಿಯೇ ಇದ್ದವು. ಷಾರ್ಲೆಟ್ ಅವುಗಳಿಗೆ ಅನುಮತಿ ಕೊಟ್ಟಿರಲಿಲ್ಲ. ಜನನ ಪ್ರಮಾಣಪತ್ರದ ನಿಯಮವಾದರೋ ಆತಂಕವನ್ನು ಹೆಚ್ಚಿಸುವಂಥದ್ದು. ಆಗ ಆ ರಾಜ್ಯದಲ್ಲಿ ಶಸ್ತ್ರಚಿಕಿತ್ಸೆಯಾಗದೆ ಪ್ರಮಾಣಪತ್ರದಲ್ಲಿ ಲಿಂಗ ಬದಲಾಗುತ್ತಿರಲಿಲ್ಲ. ಹೀಗಾಗಿ ಗಡ್ಡಮೀಸೆ ಬಿಟ್ಟು ಗಂಡಾಗಿ ಬದುಕುತ್ತಿರುವ ಟ್ರಾನ್ಸ್ ಪುರುಷ ಹೆಂಗಸರ ಶೌಚಾಲಯಕ್ಕೇ ಹೋಗಬೇಕಿತ್ತು.

ಸ್ಥಳೀಯ ಆಡಳಿತವೇ ಕ್ರೂರವಾದರೆ? 2016ರ ಏಪ್ರಿಲ್‌ನಲ್ಲಿ ಅಲಬಾಮಾದ ಆಕ್ಸ್‌ಫರ್ಡ್ ಎಂಬ ಪುಟ್ಟ ನಗರ ಇಂಥದೇ ಶೌಚಾಲಯ ನಿಯಮ ಮಾಡಿ, ಮೀರಿದವರಿಗೆ ಜೈಲು ಶಿಕ್ಷೆಯನ್ನೂ ಗೊತ್ತುಮಾಡಿ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಹಿಂತೆಗೆಯದಿದ್ದರೆ ರಾಜ್ಯವೋ ಕೇಂದ್ರವೋ ಅದನ್ನು ರದ್ದುಮಾಡಬೇಕಿತ್ತು ಎಂದೇ ನಾನು ಹೇಳುತ್ತೇನೆ. ಇದು ಅನುಕೂಲಕ್ಕೆ ತಕ್ಕಂತೆ ಪಕ್ಷ ಬದಲಿಸುವುದಲ್ಲವೇ ಎಂದು ಕೇಳಬಹುದು. ಅಲ್ಲ, ಇಲ್ಲಿನ ತತ್ತ್ವ ಊರಿನ ಪರವೂ ಅಲ್ಲ, ರಾಜ್ಯದ ಪರವೂ ಅಲ್ಲ, ಬಾಗಿಲಲ್ಲಿ ತಡೆಯಲ್ಪಟ್ಟವರ ಪರ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಧರ್ಮಶ್ರದ್ಧೆಯುಳ್ಳವರದು. ನಗರದ ನಿಯಮ ನಮ್ಮ ಆತ್ಮಸಾಕ್ಷಿಯನ್ನು ಒತ್ತಾಯಿಸುತ್ತದೆ. ಇಲ್ಲಿ ಅಲ್ಪಸಂಖ್ಯಾತರು ನಾವೇ, ರಾಜ್ಯ ಕಾಪಾಡಿದ್ದು ನಮ್ಮನ್ನು ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ, ಗೆರೆ ಎಳೆಯುವುದೂ ಸುಲಭವಲ್ಲ. ಆದರೆ ಚರ್ಚಿಗೆ, ಪುರೋಹಿತರಿಗೆ ವಿನಾಯಿತಿ ಬೇಕಿದ್ದರೆ ಕಾನೂನು ಅಷ್ಟನ್ನೇ ಕೊಡಬಹುದು. ಟ್ಯಾಕ್ಸಿ, ಔಷಧಿ ಅಂಗಡಿ, ವಸತಿಗೃಹಗಳಲ್ಲೂ ರಕ್ಷಣೆ ಇರಕೂಡದು ಎನ್ನುವ ಕಾನೂನು ಯಾರ ಆತ್ಮಸಾಕ್ಷಿಗೂ ಬೇಕಾದ್ದಕ್ಕಿಂತ ಬಹಳ ಹೆಚ್ಚನ್ನು ಕಿತ್ತುಕೊಳ್ಳುತ್ತದೆ.

ನಾರ್ತ್ ಕ್ಯಾರೊಲಿನಾ 2017ರ ಮಾರ್ಚ್ 30ರಂದು ಹೌಸ್ ಬಿಲ್ 2 ಅನ್ನು ರದ್ದುಮಾಡಿತು. ಜೊತೆಗೇ, 2020ರ ಡಿಸೆಂಬರ್ 1ರವರೆಗೆ ನಗರಗಳು ಖಾಸಗಿ ಉದ್ಯೋಗ, ಅಂಗಡಿ-ಹೋಟೆಲುಗಳ ಬಗ್ಗೆ ಇಂಥ ನಿಯಮ ಮಾಡುವಂತಿಲ್ಲ ಎಂದಿತು. ಗಡುವು ಮುಗಿದ ಮರುತಿಂಗಳು, 2021ರ ಜನವರಿಯಲ್ಲೇ ಹಿಲ್ಸ್‌ಬರೊ, ಚಾಪೆಲ್ ಹಿಲ್, ಡರಮ್ ರಕ್ಷಣೆಯ ನಿಯಮಗಳನ್ನು ತಂದವು, ಆಗಸ್ಟ್‌ನಲ್ಲಿ ಷಾರ್ಲೆಟ್ ಮತ್ತೆ ತಂದಿತು. ಶೌಚಾಲಯಗಳ ಬಗ್ಗೆ ನಿಯಮ ಮಾಡುವ ಅಧಿಕಾರವನ್ನು ಮಾತ್ರ 2017ರ ಕಾನೂನು ಯಾವ ಗಡುವೂ ಇಲ್ಲದೆ ಶಾಸನಸಭೆಯ ಕೈಯಲ್ಲೇ ಇರಿಸಿತು.