‘ನಾವು’ ಎಂಬ ಮರೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಲೆಕ್ಕಪರಿಶೋಧನಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ಸೆಪ್ಟೆಂಬರ್ ಬಂತೆಂದರೆ ಅಂಥ ಕಚೇರಿಗಳಲ್ಲಿ ಹಗಲು ರಾತ್ರಿಯ ಪರಿವೆ ಇರುವುದಿಲ್ಲ. ಅಂಥದೊಂದು ಸಂಜೆ ನಮ್ಮ ಪಾಲುದಾರರು ಸಹಿ ಹಾಕುವ ಮುನ್ನ ಫೈಲು ತಿರುವಿ ಹಾಕುತ್ತಿದ್ದರು. ಪೀಣ್ಯದ ಕಾರ್ಖಾನೆಯೊಂದು ಕೊಟ್ಟ ದಾಸ್ತಾನು ಪಟ್ಟಿಯಲ್ಲಿ ಒಂದೇ ಗೋದಾಮಿನ ಸರಕು ಎರಡು ಸಲ ಸೇರಿತ್ತು. ಲಾಭವೂ ಅಷ್ಟರಮಟ್ಟಿಗೆ ಉಬ್ಬಿತ್ತು. ನಮ್ಮಲ್ಲಿ ಯಾರೂ ಅದನ್ನು ಹಿಡಿದಿರಲಿಲ್ಲ.

ಪಟ್ಟಿಯನ್ನು ತಾಳೆ ನೋಡಿದ್ದು ಆರ್ಟಿಕಲ್‌ಶಿಪ್ ಮಾಡುತ್ತಿದ್ದ ಹುಡುಗಿ. ‘ಪರಿಶೀಲಿಸಿದವರು’ ಎಂಬ ಜಾಗದಲ್ಲಿದ್ದುದು ನನ್ನ ಇನಿಷಿಯಲ್. ನಾನು ಆ ಶೀಟನ್ನು ನೋಡಿಯೇ ಇರಲಿಲ್ಲ. ಅವಳು ಜಾಣೆ, ಸರಿಯಾಗಿಯೇ ಮಾಡಿರುತ್ತಾಳೆ ಎಂದುಕೊಂಡು ಇನಿಷಿಯಲ್ ಹಾಕಿ ಪುಟ ಮಗುಚಿದ್ದೆ. ಹೇಗೂ ಸರ್ ಇನ್ನೊಮ್ಮೆ ನೋಡುತ್ತಾರೆ ಎಂದು ಅವಳು ಅಂದುಕೊಂಡಿದ್ದಳು.

“ಯಾರು ನೋಡಿದ್ದು ಇದನ್ನ?” ಎಂದು ಪಾಲುದಾರರು ಕೇಳಿದರು.

“ನಮ್ಮ ಟೀಮಿನಿಂದ ತಪ್ಪಾಗಿದೆ ಸರ್. ನಾವೆಲ್ಲರೂ ಹೊಣೆ,” ಎಂದೆ.

ಹುಡುಗಿಯನ್ನು ಬಿಟ್ಟುಕೊಡಲಿಲ್ಲ ಎಂದು ಸಹೋದ್ಯೋಗಿಗಳು ಮೆಚ್ಚಿಕೊಂಡರು. ಆದರೆ ಎರಡು ರಾತ್ರಿ ಕೂತು ಎಲ್ಲವನ್ನೂ ಮತ್ತೆ ತಾಳೆ ನೋಡಿದವಳು ಅವಳೊಬ್ಬಳೇ. ಮೂರನೆಯ ದಿನ ಮೆಲ್ಲಗೆ ಕೇಳಿದಳು: “ಸರ್, ನೀವು ಆ ಶೀಟ್ ನೋಡಿರಲಿಲ್ಲ ಅಲ್ವಾ?” ದನಿಯಲ್ಲಿ ಆಕ್ಷೇಪವಿರಲಿಲ್ಲ. “ಟೈಮ್ ಇರ್ಲಿಲ್ಲಮ್ಮ,” ಎಂದೆ.

ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂಬ ಗಾದೆಯಿದೆ. ಕೆಲಸದ ಮಟ್ಟಿಗೆ ಅದು ನಿಜ. ಆದರೆ ತಪ್ಪನ್ನೂ ಹಾಗೆಯೇ ಹಂಚಿಕೊಳ್ಳಬಹುದೇ? ಅಮೆರಿಕದ ಚಿಂತಕ ಡೆನಿಸ್ ಥಾಂಪ್ಸನ್ 1980ರಲ್ಲಿ ಇದನ್ನು ‘ಹಲವು ಕೈಗಳ ಸಮಸ್ಯೆ’ ಎಂದು ಕರೆದ. ಒಂದು ತೀರ್ಮಾನ ಹಲವು ಕೈಗಳನ್ನು ದಾಟಿ ಬಂದಾಗ, ಇದು ನನ್ನದು ಎನ್ನಬೇಕಾದವರು ಯಾರೆಂದೇ ತಿಳಿಯುವುದಿಲ್ಲ. ನಮ್ಮ ವೃತ್ತಿಗೆ ಈ ಅಪಾಯ ಗೊತ್ತಿದೆ. ಕೆಲಸವನ್ನು ಯಾರು ಮಾಡಿದರು, ಯಾರು ಪರಿಶೀಲಿಸಿದರು, ಯಾವ ದಿನ, ಎಷ್ಟರಮಟ್ಟಿಗೆ ಎಂಬುದನ್ನು ಬರೆದಿಡಬೇಕೆಂದು ಲೆಕ್ಕಪರಿಶೋಧನೆಯ 230ನೇ ಮಾನದಂಡ ಹೇಳುತ್ತದೆ. ಹಾಗಾಗಿ ನೋಡದೆ ಹಾಕಿದ ನನ್ನ ಇನಿಷಿಯಲ್ ಬರೀ ಅಜಾಗ್ರತೆಯಲ್ಲ, ಅದೊಂದು ಸುಳ್ಳು. ಅವಳದು ಕಣ್ತಪ್ಪು. ‘ನಾವು’ ಎಂದಾಗ ನಾನು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ, ನನ್ನ ಸುಳ್ಳಿನಲ್ಲಿ ಅವಳಿಗೂ ಪಾಲು ಕೊಟ್ಟಿದ್ದೆ.

ಹಾಗೆಂದು ಹೆಸರು ಹಿಡಿದು ದೂಷಿಸುವುದು ಸರಿಯೇ? ಹಾಗೆ ಮಾಡುವ ಕಚೇರಿಯಲ್ಲಿ ಜನ ತಪ್ಪು ಮಾಡುವುದನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ. ಒಂದೇ ಸಂಜೆ ನನ್ನ ಮುಂದೆ ಅಷ್ಟೊಂದು ಶೀಟುಗಳನ್ನು ಪೇರಿಸಿದ ಕಚೇರಿಗೂ ಇದರಲ್ಲಿ ಪಾಲಿತ್ತು. ಆದರೆ ಆ ಮಾತನ್ನು ಆಡುವ ಹಕ್ಕು ನನಗೆ ಬರುತ್ತಿದ್ದುದು, ಮೊದಲು ನನ್ನ ಪಾಲನ್ನು ಒಪ್ಪಿಕೊಂಡಿದ್ದರೆ ಮಾತ್ರ. ಬೇರೆಯವರ ತಪ್ಪನ್ನು ಎತ್ತಿ ತೋರಿಸದೆಯೂ ನನ್ನ ತಪ್ಪನ್ನು ಹೇಳಬಹುದಿತ್ತು. ಹಿರಿಯನೊಬ್ಬ ಹಾಗೆ ಮಾತು ಶುರುಮಾಡಿದ್ದರೆ ಕಿರಿಯರಿಗೂ ಬಾಯಿ ಬರುತ್ತಿತ್ತೇನೋ.

ಪಾಲುದಾರರಿಗೆ ನಾನು ಆ ವಿಷಯ ಹೇಳಲೇ ಇಲ್ಲ. ಹುಡುಗಿ ಆರ್ಟಿಕಲ್‌ಶಿಪ್ ಮುಗಿಸಿ ಹೊರಟುಹೋದಳು. ಈಗಲೂ ಫೈಲಿನಲ್ಲಿ ತಪ್ಪು ಸಿಕ್ಕಾಗ, ಅದರ ಕೆಳಗೆ ನನ್ನ ಇನಿಷಿಯಲ್ ಇದೆಯೇ ಎಂದು ಮೊದಲು ನೋಡುತ್ತೇನೆ. ಇದ್ದರೆ ಮಾತನ್ನು ‘ನಾನು’ ಎಂದೇ ಶುರುಮಾಡುತ್ತೇನೆ. ಅದು ಇಂದಿಗೂ ಸುಲಭವಾಗಿ ಬಾಯಿಗೆ ಬರುವುದಿಲ್ಲ.